ಬಳ್ಳಿಕಾಯಿಗೆ ಹೊದಿಸಿದ ಕಂಬಳಿ

ಕಾರ್ತಿಕ ಕಳೆದು, ಗುಡಿಯ ದೀಪಗಳೆಲ್ಲ ಆರಿ, ಇನ್ನು ಮಳೆಯಿಲ್ಲ ಎಂದು ಊರಿಗೆ ಊರೇ ನಂಬಿ ಕೂತಿದ್ದಾಗ ಜಡಿ ಹಿಡಿಯಿತು. ಗುಡುಗಿಲ್ಲ, ಮಿಂಚಿಲ್ಲ. ಆಕಾಶ ಒದ್ದೆ ಬಟ್ಟೆಯ ಹಾಗೆ ತೆಂಗಿನ ತೋಟಗಳ ಮೇಲೆ ಜೋತುಬಿದ್ದು ಹಗಲೂ ರಾತ್ರಿ ಸೋರುತ್ತಿತ್ತು. ಶಿವ ಯಾರ ಮೇಲೆ ಮುನಿದು ಕಳಿಸಿದನೋ ತಿಳಿಯದು. ಆದರೆ ಅದು ಮೊದಲು ಹುಡುಕಿಕೊಂಡು ಬಂದದ್ದು ಊರಾಚೆಯ ಕೇರಿಯನ್ನು. ಕೇರಿಯಲ್ಲಿ ಬೋರಮ್ಮನ ಗುಡಿಸಲನ್ನು.

ಆ ಗುಡಿಸಲಿನಲ್ಲಿ ಒಂದು ಎಳೆಗೂಸು ಇತ್ತು.

ಬೋರಮ್ಮನ ಮಗಳು ಚಿಕ್ಕಗೌರಮ್ಮನ ಚೊಚ್ಚಲ ಕೂಸು. ತಿಂಗಳು ತುಂಬುವ ಮೊದಲೇ ಬಂದಿತ್ತು. ಅಂಗೈಯಲ್ಲಿ ಹಿಡಿದರೆ ಅಳಿಲಿನ ಮರಿಯಷ್ಟು. ಚರ್ಮದ ಕೆಳಗೆ ನೀಲಿ ನರಗಳು ಕಾಣುತ್ತಿದ್ದವು. ಅಳಲು ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಹೆರಿಗೆ ಮಾಡಿಸಿದ ಸೂಲಗಿತ್ತಿ ತಿಮ್ಮಕ್ಕ ಜಡಿ ಹಿಡಿದ ದಿನ ಮತ್ತೆ ಬಂದು ಕೂಸಿನ ಅಂಗಾಲನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಳು. ಆಮೇಲೆ ಹೇಳಿದಳು:

"ನೋಡು ಬೋರಿ, ಇದುಕ್ಕೆ ಔಸ್ದಿ ಇಲ್ಲ, ಮಂತ್ರ ಇಲ್ಲ. ಮೈ ಬೆಚ್ಚಗಿದ್ರೆ ಉಳ್ಕೊಂತದೆ. ತಣ್ಣಗಾಯ್ತೋ, ಹೋಯ್ತು. ಅಂಗಾಲು ಮುಟ್ಟಿ ನೋಡ್ತಿರು. ಅಂಗಾಲು ಹೇಳ್ತದೆ."

"ಬೆಂಕಿ ಹಾಕ್ಲೇನಕ್ಕ?"

"ನೆಂದ ತೆಂಗಿನ್ ಮಟ್ಟೇಲಿ ಬೆಂಕಿ ಎಲ್ಲಿ ಬತ್ತದೆ? ಬರೀ ಹೊಗೆ. ಆ ಹೊಗೆ ಕುಡುದ್ರೆ ಎಳೇ ಎದೆ ಅಲ್ಲಿಗೇ ನಿಂತೋಯ್ತದೆ. ನಿನ್ ಗಂಡುನ್ ಕಂಬ್ಳಿ ಐತಲ್ಲ. ತಾಯಿ ಮಗ ಇಬ್ರುನ್ನೂ ಅದ್ರಲ್ಲಿ ಸುತ್ತಿ ಮಲುಗ್ಸು. ಏಳುಸ್ಬ್ಯಾಡ."

ಕಂಬಳಿ ಇತ್ತು. ಆ ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ. ಬೋರಮ್ಮನ ಗಂಡ ಹುಚ್ಚಣ್ಣ ತೋಟದ ಯಜಮಾನ ಕರಿಬಸವಯ್ಯನವರ ಮನೆಯಲ್ಲಿ ಜೀತಕ್ಕಿದ್ದ. ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಮೆಟ್ಟು, ಹೊಟ್ಟೆಗೆ ರಾಗಿ. ಅಷ್ಟು ಕೊಟ್ಟರೆ ಉಳಿದ ಮೈಯೆಲ್ಲ ಅವರದು. ಸರ್ಕಾರದವರು ಜೀಪಿನಲ್ಲಿ ಬಂದು ಜೀತ ಹೋಯಿತು ಎಂದು ಸಾರಿ ಹೋದ ಮೇಲೂ ಹುಚ್ಚಣ್ಣ ಅದೇ ಕೊಟ್ಟಿಗೆಯ ಸಗಣಿ ಬಾಚಿದ, ಅದೇ ಮರ ಹತ್ತಿದ. ಒಂದು ದಿನ ಮರದಿಂದ ಜಾರಿ ಬಿದ್ದು ಸತ್ತ. ಆ ವರ್ಷದ ಕಂಬಳಿ ಉಳಿಯಿತು. ಹುಳಿಯಾರು ಸಂತೆಯದು. ಕರಿಕುರಿಯ ಉಣ್ಣೆ. ಹೊಸತರಲ್ಲಿ ಮೈ ಕೆರೆಯುತ್ತಿತ್ತು. ವರ್ಷಗಳ ಬೆವರು ಕುಡಿದು ಮೆತ್ತಗಾಗಿ, ಈಗ ಹನಿ ಬಿದ್ದರೂ ಒಳಗಿಳಿಯದಷ್ಟು ಬಿಗಿದುಕೊಂಡಿತ್ತು. ಅದರೊಳಗೆ ಚಿಕ್ಕಗೌರಮ್ಮ ಮಗ್ಗುಲಾಗಿ ಮಲಗಿದ್ದಳು. ಅವಳ ಎದೆಯ ಗುಳಿಯಲ್ಲಿ ಕೂಸು. ಅಳಿಯ ತಿಪ್ಪಯ್ಯ ಅಮ್ಮಸಂದ್ರದಲ್ಲಿ ಮೂಟೆ ಹೊರುತ್ತಿದ್ದ. ಮಗ ಹುಟ್ಟಿದ ಸುದ್ದಿ ಅವನಿಗೆ ಮುಟ್ಟಿತ್ತೋ ಇಲ್ಲವೋ.

ಬೋರಮ್ಮ ಗಳಿಗೆಗೊಂದು ಸಲ ಕಂಬಳಿಯೊಳಗೆ ಕೈ ತೂರಿಸಿ ಅಂಗಾಲು ಮುಟ್ಟುತ್ತಿದ್ದಳು. ಬೆಚ್ಚಗಿತ್ತು. ಶಿವನೇ, ಹಿಂಗೇ ಇರ್ಲಿ ಎನ್ನುತ್ತಿದ್ದಳು. ಅವಳ ಬೆರಳುಗಳು ಒಡೆದಿದ್ದವು. ಆ ಒರಟು ಬೆರಳಿಗೆ ಕೂಸಿನ ಅಂಗಾಲು ಹೂವಿನ ಎಸಳಿನ ಹಾಗೆ ತಾಗುತ್ತಿತ್ತು.

ಆ ಬೆರಳುಗಳು ಯಾಕೆ ಒಡೆದವು ಎಂಬುದನ್ನು ಹೇಳಬೇಕು. ಅದನ್ನು ಹೇಳದೆ ಮುಂದಿನದು ಹೇಳಿದರೆ ಅನ್ಯಾಯವಾಗುತ್ತದೆ.

ಕರಿಬಸವಯ್ಯನವರಿಗೆ ತೆಂಗು ಸಾಲದಾಗಿತ್ತು. ತಿಪಟೂರಿಗೆ ಗಾಡಿಗಟ್ಟಲೆ ಕೊಬ್ಬರಿ ಹೋಗುತ್ತಿತ್ತು, ಆದರೂ ಸಾಲದು. ಸಕಲೇಶಪುರದ ಕಡೆಯ ಬೀಗರ ಕಾಫಿತೋಟದಲ್ಲಿ ವೆನಿಲ್ಲಾ ಎಂಬ ಬಳ್ಳಿ ನೋಡಿ ಬಂದರು. ಐಸ್‌ಕ್ರೀಮಿಗೆ ಹಾಕುವ ಪರಿಮಳದ ಕಾಯಿ, ಬೆಂಗಳೂರಿನ ಕಂಪನಿಯೊಂದು ಕೊಳ್ಳುತ್ತದೆ ಎಂದು ಬೀಗರು ಹೇಳಿದ್ದರು. ಬಳ್ಳಿಯ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ತೆಂಗಿನ ಸಾಲುಗಳ ನಡುವೆ ಹಾಲುವಾಣದ ಗೂಟ ನೆಟ್ಟು ಹಬ್ಬಿಸಿದರು. ಹಬ್ಬಿಸಿದರು ಎಂದರೆ ಬೋರಮ್ಮ ಹಬ್ಬಿಸಿದಳು. ಬೋರಮ್ಮ ಗುಂಡಿ ತೆಗೆದಳು. ಬೋರಮ್ಮ ತರಗು ಹೊತ್ತು ಬುಡಕ್ಕೆ ಮುಚ್ಚಿದಳು. ಬೇಸಿಗೆಯಲ್ಲಿ ಎಲೆಗೆಲ್ಲ ನೀರು ಚಿಮುಕಿಸಿದಳು. ತೋಟದ ತೊಟ್ಟಿಯನ್ನು ಅವಳು ಮುಟ್ಟುವಂತಿರಲಿಲ್ಲ. ಬೇರೆಯವರು ಮೇಲಿನಿಂದ ಸುರಿಯಬೇಕು, ಇವಳು ಕೆಳಗೆ ಕೊಡ ಹಿಡಿಯಬೇಕು. ಬಳ್ಳಿಗೆ ಅವಳ ಕೈನೀರು ಆಗುತ್ತಿತ್ತು.

ಮೂರನೆಯ ವರ್ಷ ಚೊಚ್ಚಲ ಹೂ ಒಂದಿಷ್ಟು ಬಿಟ್ಟವು. ಮಾರನೆಯ ವರ್ಷ ತೋಟ ತುಂಬ ಬಿಟ್ಟವು. ಹಸಿರುಹಳದಿಯ ಸಾದಾ ಹೂ. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ನಮ್ಮ ಸೀಮೆಯ ಜೇನಿಗೂ ದುಂಬಿಗೂ ಅದರ ಪರಿಚಯವಿಲ್ಲ. ಒಂದೊಂದು ಹೂವನ್ನೂ ಮನುಷ್ಯರೇ ಕೈಯಲ್ಲಿ ಹಿಡಿದು, ತೆಂಗಿನ ಗರಿಯ ಕಡ್ಡಿ ಚೂಪು ಮಾಡಿ, ಒಳಗಿನ ತೆಳು ಪರೆಯನ್ನು ಎತ್ತಿ, ಹೆಬ್ಬೆರಳಿನಲ್ಲಿ ಹೂಪುಡಿಯನ್ನು ಒತ್ತಬೇಕು. ಒತ್ತಿದರೆ ಕಾಯಿ. ಇಲ್ಲದಿದ್ದರೆ ಸಂಜೆಗೆ ಹೂ ನೆಲಕ್ಕೆ.

ನಸುಕಿಗೆ ಹೋಗಬೇಕು. ಬಿಸಿಲೇರುವ ತನಕ ಕತ್ತೆತ್ತಿ ನಿಲ್ಲಬೇಕು. ಕತ್ತು ಮರಗಟ್ಟುತ್ತಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಳ್ಳಿಯ ರಸ ತಗುಲಿ ಕೈ ಸುಟ್ಟಂತೆ ಉರಿಯುತ್ತಿತ್ತು. ಬೆರಳಿನ ಸಂದಿಯಲ್ಲಿ ಬೊಕ್ಕೆ ಎದ್ದು, ಒಡೆದು, ಅದರ ಮೇಲೆ ಮತ್ತೆ ರಸ. ಸಂಜೆ ಬಿಸಿ ಮುದ್ದೆ ಮುರಿಯಲಾಗದೆ ತಟ್ಟೆ ಮುಂದಿಟ್ಟುಕೊಂಡು ಅಳುತ್ತಿದ್ದಳು. ತಿಮ್ಮಕ್ಕ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. "ಅದೇನ್ ಹೂವೇ ಅದು? ದೇವ್ರಿಗೆ ಏರ್ಸಂಗಿಲ್ಲ, ಮುಡ್ಕೊಳಂಗಿಲ್ಲ. ನಿನ್ ಕೈ ತಿನ್ನಕ್ಕೇ ಉಟ್ಟೈತೆ" ಎಂದು ಬೈಯುತ್ತಿದ್ದಳು.

ಹೂ ಒತ್ತಿ ಮುಗಿದ ಮೇಲೆ, ಮುಂಗಾರು ಹನಿಯುವ ಹೊತ್ತಿಗೆ, ಚಿಕ್ಕಗೌರಮ್ಮ ಬಸುರಿ ಎಂಬ ಸುದ್ದಿ ಬಂತು. ಬಳ್ಳಿಕಾಯಿ ಕೊಯ್ಲಿಗೆ ಬರಲು ಒಂಬತ್ತು ತಿಂಗಳು ಬೇಕು. ಆ ವರ್ಷವೆಲ್ಲ ಬೋರಮ್ಮ ಎರಡು ಬಸುರನ್ನು ಕಾದಳು. ತೋಟದಲ್ಲಿ ಗೊಂಚಲು ಗೊಂಚಲಾಗಿ ಜೋತ ಕಾಯಿಗಳನ್ನು ನೋಡಿದಾಗ ಮಗಳ ಹೊಟ್ಟೆ ನೆನಪಾಗುತ್ತಿತ್ತು. ಕಾಯಿಗೆ ಕಣ್ಣು ತಾಗದಿರಲಿ ಎಂದು ತನಗೇ ತಿಳಿಯದಂತೆ ನೆಟಿಕೆ ಮುರಿಯುತ್ತಿದ್ದಳು.

ಬಳ್ಳಿಕಾಯಿಗೆ ತಿಂಗಳು ತುಂಬಿತು. ಕೂಸಿಗೆ ತುಂಬಲಿಲ್ಲ.

ಹೆರಿಗೆಗೆಂದು ತವರಿಗೆ ಬಂದ ಮಗಳನ್ನೂ ಕೊಯ್ಲಿನ ಅವಸರದಲ್ಲಿ ಕರಿಬಸವಯ್ಯನವರು ಕೆಲಸಕ್ಕೆ ಹೇಳಿಕಳಿಸಿದ್ದರು. ಹಸಿ ಕಾಯಿಗೆ ಯಾವ ವಾಸನೆಯೂ ಇರುವುದಿಲ್ಲ. ಹುರುಳಿಕಾಯಿಯ ಹಾಗೆ ಹಸಿರಾಗಿರುತ್ತದೆ. ಅದನ್ನು ಬುಟ್ಟಿಯಲ್ಲಿ ತುಂಬಿ ಹಂಡೆಯ ಬಿಸಿನೀರಿನಲ್ಲಿ ಅದ್ದಿ ತೆಗೆದು, ಬಿಸಿಬಿಸಿ ಇರುವಾಗಲೇ ಕಂಬಳಿಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು. ಮಾರನೆಯ ದಿನ ಬಿಸಿಲಿಗೆ ಹರವಿ, ಕಾದ ಮೇಲೆ ಮತ್ತೆ ಸುತ್ತಬೇಕು. ದಿನವೂ ಹೀಗೆ. ಕಾಯಿ ಬೆವರಬೇಕು. ಬೆವೆತು ಬೆವೆತು ಕಪ್ಪಾಗಿ, ಆಮೇಲೆ ತಿಂಗಳುಗಟ್ಟಲೆ ನೆರಳಲ್ಲಿ ಒಣಗಿ ಗಂಧ ಬಿಡುತ್ತದೆ. ನಡುವೆ ತಣ್ಣಗಾದರೆ ಬೂಷ್ಟು ಹಿಡಿದು ಕೊಳೆಯುತ್ತದೆ.

ಹಂಡೆಗೆ ನೀರು ಹೊರುತ್ತಿದ್ದಾಗ ಚಿಕ್ಕಗೌರಮ್ಮನಿಗೆ ನೋವು ಬಂತು. ಯಜಮಾನರ ಅಂಗಳದಲ್ಲೇ ಕುಸಿದಳು. "ಇಲ್ಲೇ ಹೆತ್ತಾಳು, ಆಚೆ ಸಾಗ್ಸಿ, ಆಚೆ ಸಾಗ್ಸಿ" ಎಂದು ಜಗುಲಿಯಿಂದ ಕೂಗು ಬಂತು. ಬೋರಮ್ಮ ಮಗಳನ್ನು ತೋಳಿಗೆ ಆನಿಸಿಕೊಂಡು ಕೇರಿಯ ತನಕ ನಡೆಸಿದಳು. ದಾರಿಯುದ್ದಕ್ಕೂ ನೀರು ಹೋಗುತ್ತಿತ್ತು. ಗುಡಿಸಲ ಬಾಗಿಲಲ್ಲಿ ಕೂಸು ಬಂತು. ಆಮೇಲೆ ಎರಡು ದಿನಕ್ಕೆ ಜಡಿ ಹಿಡಿಯಿತು.

ಜಡಿ ಹಿಡಿದ ಮಾರನೆಯ ಸಂಜೆ ತೋಟದ ಮೇಸ್ತ್ರಿ ಈರಣ್ಣ ಗುಡಿಸಲ ಮುಂದೆ ಬಂದು ನಿಂತ. ತಲೆಯ ಮೇಲೆ ಗೋಣಿಕೊಪ್ಪೆ. ಹುಚ್ಚಣ್ಣ ಬದುಕಿದ್ದಾಗ ದೂರದಿಂದ ಬೀಡಿ ಎಸೆದು ತಮಾಷೆ ಮಾಡುತ್ತಿದ್ದವನು.

"ಬೋರಮ್ಮೋ! ಅಜ್ಜಿ ಆದಂತೆ. ಎಲ್ಲಮ್ಮ ನಮ್ಗೆ ಬೆಲ್ಲ?"

"ಬೆಲ್ಲ ನಿಮ್ ಯಜಮಾನ್ರು ಮನೇಲಿರ್ತದೆ ಕಣಣ್ಣ. ನಮ್ಮನೇಲಿರೋದು ಸೋರೋ ಸೂರು. ಬೇಕಾದ್ರೆ ಒಂದ್ ಬೊಗಸೆ ಕುಡ್ಕೊಂಡೋಗು. ಏನ್ ಬಂದೆ?"

ಈರಣ್ಣ ನಗಲು ಹೋಗಿ ನಿಲ್ಲಿಸಿದ. "ಕಂಬ್ಳಿ ಬೇಕಂತೆ."

"ಯಾವ ಕಂಬ್ಳಿ?"

"ನಿನ್ ಮನೇಲಿ ಅಟ್ಟದ ತುಂಬಾ ಅವ್ವೇನು? ಹುಚ್ಚಣ್ಣುಂದು ಕಣಮ್ಮ. ಮನೇಲಿರೋವೆಲ್ಲಾ ಒದ್ದೆ ಆಗೋಗವೆ. ಬಿಸ್ಲಿಲ್ಲ. ಒಲೆ ಮುಂದೆ ಕಾಯ್ಸಿ ಸುತ್ತುದ್ರೂ ಕಾಯಿ ತಣ್ಣಗಾಯ್ತಾ ಅವೆ. ಒಂದ್ ಪೆಟ್ಗೆ ಆಗ್ಲೇ ಬೂಷ್ಟು. ಬೆಳಗಾದ್ರೆ ಕಂಪನಿಯೋರು ಕಾರಲ್ಲಿ ನೋಡಕ್ ಬತ್ತಾರೆ. ಯಜಮಾನ್ರು ಮೈಮೇಲೆ ಬಂದೋರಂಗೆ ಆಡ್ತಾವ್ರೆ."

"ಅದ್ರಲ್ಲಿ ಬಾಣಂತಿ ಮಲಗವ್ಳೆ."

"ಗೊತ್ತು. ಅದುಕ್ಕೇ ಕಳ್ಸವ್ರೆ. ಬೆಚ್ಚಗಿರ್ತದೆ ಅಂತ."

ಬೋರಮ್ಮ ಬಾಗಿಲಿಗೆ ಅಡ್ಡವಾಗಿ ನಿಂತಳು. ಜನ್ಮದಲ್ಲಿ ಮೊದಲ ಬಾರಿಗೆ ತನ್ನ ಮೈಲಿಗೆಯನ್ನು ಗುರಾಣಿಯಂತೆ ಎತ್ತಿ ಹಿಡಿದಳು.

"ಹಸೀ ಬಾಣಂತಿ ಹೊದ್ದಿರೋದು ಕಣಣ್ಣ. ಪುರುಡು ಕಳ್ದಿಲ್ಲ. ರಕ್ತ ಆಗೈತೆ. ನಮ್ ಕೇರಿ ಕಂಬ್ಳಿ ಅಂತದ್ದು. ಅವ್ರು ಲಿಂಗ ಪೂಜೆ ಮಾಡೋ ಮನೆಯೊಳೀಕೆ ಹೆಂಗ್ ತಗೊಂಡೋಯ್ತೀಯ?"

"ಅದೂ ಕೇಳ್ದೆ ಕಣಮ್ಮ. ಕಂಬ್ಳಿಗೆ ಎಲ್ಲಿ ಮೈಲ್ಗೆ ಅಂದ್ರು."

ನಿಜವೇ. ನಮ್ಮ ಸೀಮೆಯಲ್ಲಿ ಹತ್ತಿಬಟ್ಟೆಗೆ ಮೈಲಿಗೆ ತಾಗುತ್ತದೆ, ಉಣ್ಣೆಗೆ ತಾಗುವುದಿಲ್ಲ. ದೇವರ ಗದ್ದುಗೆಗೆ ಕಂಬಳಿ ಹಾಸುತ್ತಾರೆ. ಮಡಿಯಲ್ಲಿ ಇರುವವರು ಕಂಬಳಿಯ ಮೇಲೆ ಕೂರುತ್ತಾರೆ. ಯಾರು ಹೊದ್ದರೂ, ಯಾರು ಸತ್ತರೂ, ಕೊಡವಿ ಹಾಸಿದರೆ ಅದು ಶುದ್ಧ. ಕುರಿಯ ಮೈಮೇಲೆ ಬೆಳೆದ ಕೂದಲಿಗೆ ಇರುವ ಆ ಪುಣ್ಯ, ಶಿವನೇ ಮಾಡಿದ ಮನುಷ್ಯರ ಚರ್ಮಕ್ಕೆ ಯಾಕೆ ಬರಲಿಲ್ಲವೋ.

"ಕೊಡಲ್ಲ" ಎಂದಳು ಬೋರಮ್ಮ.

"ನಿನ್ ಗುಡಿಸ್ಲು ಯಾರ್ ಜಾಗ್ದಲ್ಲೈತೆ ಬೋರಮ್ಮ? ನಾನ್ ಹೇಳೋದಲ್ಲ, ಅವ್ರು ಹೇಳ್ಕಳ್ಸಿರೋ ಮಾತು. ಒಂದ್ ರಾತ್ರಿ ಕಣೆ. ಹೊತ್ತಾರೆ ನಾನೇ ತಂದು ಕೊಡ್ತೀನಿ. ನಮ್ಮವ್ವುನಾಣೆ."

ಒಳಗಿನಿಂದ ಚಿಕ್ಕಗೌರಮ್ಮನ ಬಳಲಿದ ದನಿ ಬಂತು. "ಕೊಟ್ಬುಡವ್ವ. ಜಾಗ ಬುಡ್ಸುದ್ರೆ ಈ ಮಳೇಲಿ ಮಗೀನ ಎತ್ಲಾಗ್ ಎತ್ಕೊಂಡೋಗನ?"

ಮಗಳೇ ಕಂಬಳಿ ಬಿಚ್ಚಿದಳು. ಬಿಚ್ಚಿದಾಗ ಒಳಗಿದ್ದ ಬಿಸಿ ಬೋರಮ್ಮನ ಮುಖಕ್ಕೆ ಬಡಿಯಿತು. ಹಾಲಿನ ವಾಸನೆ, ರಕ್ತದ ವಾಸನೆ. ಅವಳು ಅದನ್ನು ಮಡಿಚಿ ಹೊರಗೆ ತಂದಳು.

"ಕೈಗ್ ಕೊಡಬ್ಯಾಡ. ಆ ಕಲ್ಲಿನ್ ಮೇಲೆ ಮಡಗು" ಎಂದ ಈರಣ್ಣ.

ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದಳು. ಅವನು ಎತ್ತಿಕೊಂಡು ಎದೆಗವುಚಿಕೊಂಡು ಕೊಪ್ಪೆಯ ಮರೆಯಲ್ಲಿ ಮುಚ್ಚಿಕೊಂಡು ಓಡಿದ. ಆ ಕಂಬಳಿಗೆ ಮೈಲಿಗೆ ಇರಲಿಲ್ಲ. ಕೊಟ್ಟ ಕೈಗೆ ಇತ್ತು.

ಆ ರಾತ್ರಿಯನ್ನು ವಿವರಿಸುವ ಅಗತ್ಯವಿಲ್ಲ. ಕೂಸನ್ನು ತಾಯಿ ಎದೆಗಿಟ್ಟುಕೊಂಡಳು, ತಾಯಿಯನ್ನು ಅಜ್ಜಿ ತಬ್ಬಿಕೊಂಡಳು, ಮೇಲೆ ಒದ್ದೆ ಗೋಣಿಗಳು. ಇಬ್ಬರು ಹೆಂಗಸರ ಮೈಯಲ್ಲಿ ಇದ್ದ ಬಿಸಿಯನ್ನೆಲ್ಲ ಆ ಥಂಡಿ ಹೀರಿತು. ಬೆಳಕು ಹರಿದಾಗ ಬೋರಮ್ಮ ಅಂಗಾಲು ಮುಟ್ಟಿದಳು. ತಣ್ಣಗಿತ್ತು. ಇನ್ನೊಂದು ಅಂಗಾಲು ಮುಟ್ಟಿದಳು. ಕೂಸು ಬಾಯಿ ತೆರೆಯುವುದನ್ನೂ ನಿಲ್ಲಿಸಿತ್ತು. ಉಸಿರಿತ್ತು. ಮೂಗಿನ ಬಳಿ ಬೆರಳಿಟ್ಟು ಬಹಳ ಹೊತ್ತು ಕಾದರೆ ತಿಳಿಯುವಷ್ಟು.

ಈರಣ್ಣನನ್ನು ಕಾದಳು. ಅವನು ಬರಲಿಲ್ಲ.

ಬೋರಮ್ಮ ಕೂಸನ್ನು ಕುಪ್ಪಸದೊಳಗೆ ತನ್ನ ಎದೆಗೆ ಒತ್ತಿ, ಸೆರಗು ಬಿಗಿದು ಹೊರಟಳು. ಬರಬೇಡ ಎಂದರೂ ಚಿಕ್ಕಗೌರಮ್ಮ ಹಿಂದೆ ಬಂದಳು. ಹೆಜ್ಜೆಗೊಂದು ಕಡೆ ಗೋಡೆ ಹಿಡಿಯುತ್ತ, ಮರ ಹಿಡಿಯುತ್ತ ಬಂದಳು. ದೊಡ್ಡ ಮನೆಯ ಕೊಟ್ಟಿಗೆಯ ಸೂರಿನ ಕೆಳಗೆ ಕುಸಿದು ಕೂತಳು.

ಕರಿಬಸವಯ್ಯನವರು ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಧರಿಸಿ ಜಗುಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಟ್ರಾನ್ಸಿಸ್ಟರು, ಕಡಲಲ್ಲಿ ವಾಯುಭಾರ ಕುಸಿತ ಎನ್ನುತ್ತಿತ್ತು. ಕಣ್ಣು ದಾರಿಯ ಮೇಲೆ. ಹಿಂದೆ ಪಡಸಾಲೆಯಲ್ಲಿ ಕಾಯಿಯ ಪೆಟ್ಟಿಗೆಗಳು.

ಬೋರಮ್ಮ ಅಂಗಳದಲ್ಲಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು. ಸೂರಿನ ನೀರು ಸರಿಯಾಗಿ ಅವಳ ತಲೆಯ ಮೇಲೆ ಬೀಳುವ ಜಾಗ ಅದು.

"ಬುದ್ಧಿ, ಕಂಬ್ಳಿ ಕೊಡ್ಸಿ."

"ಕೊಡ್ತಾರೆ ಹೋಗು. ಕಂಪನಿಯೋರು ಬಂದು ಹೋಗ್ಲಿ."

"ಕೂಸು ತಣ್ಣಗಾಯ್ತಾ ಐತೆ ಬುದ್ಧಿ. ನೋಡಿ." ಸೆರಗು ಸರಿಸಿ ತೋರಿಸಿದಳು.

ಅವರು ಮುಖ ಅತ್ತ ತಿರುಗಿಸಿದರು. "ಎಳೇ ಕೂಸ ಈ ಮಳೇಲಿ ಯಾಕ್ ತಂದೆ? ಬುದ್ಧಿ ಬ್ಯಾಡ್ವಾ ನಿಂಗೆ? ಈಗ ಪೆಟ್ಗೆ ತೆಗೆದ್ರೆ ಕಾಯೆಲ್ಲಾ ತಣ್ಣಗಾಗ್ತವೆ ಕಣಮ್ಮ. ವರ್ಷದ ಬಾಳು."

"ಆ ಕಾಯಿಗೆ ಹೂವ ಒತ್ತಿದ್ದು ನಾನೇ ಬುದ್ಧಿ. ಒಂದೊಂದೂ. ಕೊಳೀಲಿ ಅಂತ ಅಂತೀನಾ? ಕೂಸು ಉಳ್ಕೊಂಡ್ರೆ ಕಂಬ್ಳೀನ ನ್ಯಾಮಾಗಿ ನಾನೇ ತಂದು ಹೊದುಸ್ತೀನಿ."

"ಒತ್ತಿದ್ದಕ್ಕೆ ಕೂಲಿ ಈಸ್ಕೊಂಡಿಲ್ವಾ? ಆ ಕಂಬ್ಳಿನೂ ನಾನೇ ಕೊಟ್ಟಿದ್ದಲ್ವಾ?"

"ನೀವ್ ಕೊಟ್ಟಿದ್ದಲ್ಲ ಬುದ್ಧಿ. ನನ್ ಗಂಡ ವರ್ಷ ಪೂರಾ ಮೈ ಮುರ್ದು ತಗೊಂಡಿದ್ದ. ಅದ ಹೊದ್ಕೊಳ್ಳೋಕ್ ಮುಂಚೆ ಸತ್ತ."

ಕರಿಬಸವಯ್ಯನವರು ಟ್ರಾನ್ಸಿಸ್ಟರಿನ ದನಿ ತಗ್ಗಿಸಿದರು. "ಬಾಯ್ ಬಂದ್ಬುಡ್ತು ನೋಡು ಇವಕ್ಕೆಲ್ಲಾ. ಲೇ ಗಿರಿಜಾ, ಹಳೇ ಸೀರೆ ಯಾವ್ದಾದ್ರೂ ಇದ್ರೆ ಆ ಯಮ್ಮನ ಕಡೆ ಎಸಿ."

ಅವರ ಹೆಂಡತಿ ಗಿರಿಜಾಂಬಿಕಾ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಹಳೆಯ ನೂಲಿನ ಸೀರೆ. ಎಸೆದರು. ಅದು ಅರ್ಧ ದಾರಿಯಲ್ಲೇ ಬಿಚ್ಚಿಕೊಂಡು ಅಂಗಳದ ನೀರಿನ ಮಡುವಿಗೆ ಬಿತ್ತು. ಆಕೆ ಅದನ್ನು ನೋಡಿದರು. ಕೂಸಿನ ಕಡೆಯೂ ನೋಡಿದರು. ಒಳಗೆ ಹೋದರು. ಆಕೆಯ ಹಿಂದೆಯೇ ಬಾಗಿಲಿನಿಂದ ಒಂದು ವಾಸನೆ ಹೊರಟು ಬಂತು.

ಅಂಥ ವಾಸನೆಯನ್ನು ಬೋರಮ್ಮ ಕಂಡಿರಲಿಲ್ಲ. ಕಾಯುತ್ತಿರುವ ಹಾಲು, ಬೆಲ್ಲ, ಅದರ ಮೇಲೆ ಇನ್ನೇನೋ. ಹೂವಲ್ಲ, ಹಣ್ಣಲ್ಲ. ಗಂಟಲಿನ ಆಳಕ್ಕೆ ಇಳಿದು ಅಲ್ಲಿ ನಿಲ್ಲುವಂಥದ್ದು. ಹೋದ ವರ್ಷದ ಚೊಚ್ಚಲ ಕಾಯಿಗಳನ್ನು ಡಬ್ಬಿಯಲ್ಲಿ ಭದ್ರಮಾಡಿ ಇಟ್ಟಿದ್ದಾರೆ, ಕಂಪನಿಯವರಿಗೆ ಅದರಲ್ಲೇ ಪಾಯಸ ಎಂದು ಈರಣ್ಣ ಹಿಂದೊಮ್ಮೆ ಹೇಳಿದ್ದ. ಇದೇ ಅದು ಎಂದು ಹೊಳೆಯಿತು. ತನ್ನ ಬೆರಳು ತಿಂದ ಬಳ್ಳಿಯ ಗಂಧ ಇದೇ. ರಾತ್ರಿಯಿಂದ ಏನೂ ತಿನ್ನದ ಅವಳ ಬಾಯಲ್ಲಿ ನೀರೂರಿತು. ಎದೆಗೆ ಸಾಯುವ ಕೂಸನ್ನು ಕಟ್ಟಿಕೊಂಡು ಬಾಯಲ್ಲಿ ನೀರೂರಿತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. 

ಅಷ್ಟರಲ್ಲಿ ಈರಣ್ಣ ಪಡಸಾಲೆಯಲ್ಲಿ ಪೆಟ್ಟಿಗೆಯೊಂದರ ಮುಚ್ಚಳ ಎತ್ತಿದ, ಬಿಸಿ ಇದೆಯೋ ಎಂದು ನೋಡಲು. ಒಳಗೆ ಕರಿ ಕಂಬಳಿ. ಅಂಚಿನಲ್ಲಿ ಬೋರಮ್ಮನೇ ಹೊಲಿದ ತೇಪೆ. ಅದರ ಮೇಲಿನಿಂದ ಬಿಳಿ ಹಬೆ ಏಳುತ್ತಿತ್ತು. ಬೆಚ್ಚಗೆ, ನಿಧಾನವಾಗಿ, ಮಲಗಿದ ಮಗುವಿನ ಉಸಿರಿನ ಹಾಗೆ.

ಕಾಯಿ ಬೆವರುತ್ತಿದ್ದವು.

ಬೋರಮ್ಮ ಜಗುಲಿ ಹತ್ತಿದಳು.

ಹತ್ತಿದ್ದು ತನಗೇ ತಿಳಿಯಲಿಲ್ಲ. ಒದ್ದೆ ಪಾದದ ಗುರುತು ಕೆಂಪು ಗಾರೆಯ ಮೇಲೆ ಮೂಡಿತು. ಕರಿಬಸವಯ್ಯನವರು "ಏಯ್" ಎಂದರು. ಆ ಏಯ್ ಅರ್ಧಕ್ಕೇ ನಿಂತಿತು. ಈರಣ್ಣ ಅಡ್ಡ ಬರಲು ಕೈ ಚಾಚಿ, ಮುಟ್ಟಬೇಕಾಗುತ್ತದೆ ಎಂದು ತಿಳಿದು ಕೈ ಹಿಂದಕ್ಕೆ ಎಳೆದುಕೊಂಡ. ಅವಳು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮಗುಚಿದಳು. ಕಂದುಬಣ್ಣಕ್ಕೆ ತಿರುಗಿದ ಉದ್ದುದ್ದ ಕಾಯಿಗಳು ಪಡಸಾಲೆಯ ತುಂಬ ಚೆಲ್ಲಿದವು. ಅವಳು ಒತ್ತಿದ ಹೂಗಳು. ಒಂದೊಂದೂ. ಅವುಗಳ ಮೇಲೆ ಕಾಲಿಟ್ಟೇ ಕಂಬಳಿ ಎಳೆದುಕೊಂಡು, ತನ್ನ ಮೈಗೂ ಕೂಸಿಗೂ ಸೇರಿಸಿ ಸುತ್ತಿಕೊಂಡಳು.

"ಕಾಯಿ! ಕಾಯಿ ಕಣೇ!" ಎಂದು ಕರಿಬಸವಯ್ಯನವರು ಕೂಗಿದರು. "ಇಳಿ! ಆಚೆ ಇಳಿ!"

ಆಚೆ ಮಳೆ. ಆಚೆ ಕೊಟ್ಟಿಗೆಯ ಗೋಡೆಗೆ ಒರಗಿದ ಮಗಳು. ಆಚೆ ನೆಂದ ಗುಡಿಸಲು, ಹೊಗೆಯಾಡುವ ಮಟ್ಟೆ. ಬೋರಮ್ಮ ಆಚೆ ನೋಡಿದಳು. ಆಮೇಲೆ ಒಳಗೆ ನೋಡಿದಳು. ನಡುಮನೆ ದಾಟಿದರೆ ಅಡುಗೆಮನೆಯ ಬಾಗಿಲು. ಬಾಗಿಲಿನಾಚೆ ಕೆಂಪಗೆ ಉರಿಯುವ ಒಲೆ. ಊರಿಗೆ ಊರೇ ಒದ್ದೆಯಾಗಿದ್ದ ಆ ದಿನ ಅಷ್ಟು ಒಣ ಸೌದೆ ಇದ್ದದ್ದು ಅಲ್ಲೊಂದೇ ಕಡೆ.

ಅವಳು ಒಳಕ್ಕೆ ನಡೆದಳು.

ಗಿರಿಜಾಂಬಿಕಾ ಸೌಟು ಹಿಡಿದವರು ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡರು. ಬೋರಮ್ಮ ಒಲೆಯ ಮುಂದೆ ಕಾಲು ಮಡಿಚಿ ಕೂತು, ಕಂಬಳಿಯ ಬಾಯಿ ಬಿಚ್ಚಿ, ಕೂಸನ್ನು ಬೆಂಕಿಯ ಕಡೆ ಹಿಡಿದಳು. ಹಿತ್ತಾಳೆ ಪಾತ್ರೆಯಲ್ಲಿ ಹಾಲು ಕುದಿಯುತ್ತಿತ್ತು. ಅದರಲ್ಲಿ ಶ್ಯಾವಿಗೆ. ಮೇಲೆ ಉದ್ದಕ್ಕೆ ಸೀಳಿದ ಒಂದು ಕಪ್ಪು ಕಾಯಿ ತೇಲುತ್ತಿತ್ತು. ಒಳಗಿನಿಂದ ಹೆರೆದ ಕರಿ ಕಾಳು, ಸಾಸಿವೆಗಿಂತ ಸಣ್ಣವು, ಹಾಲಿನ ತುಂಬ.

ಅಡುಗೆಮನೆಯ ಬಾಗಿಲಿಗೆ ಗಂಡಸರು ಬಂದು ಕೂಡಿದರು. ಆಳುಗಳು, ಈರಣ್ಣ, ಯಜಮಾನರು. ಹೊಸಿಲು ಯಾರೂ ದಾಟಲಿಲ್ಲ.

"ಎದ್ದೇಳೇ! ಎಲ್ಲಿ ಕೂತಿದೀಯ ಗೊತ್ತಾ ನಿಂಗೆ?"

"ಗೊತ್ತು ಬುದ್ಧಿ. ಬೆಂಕಿ ಮುಂದೆ."

"ನಿನ್ ಗುಡಿಸ್ಲಿಗೆ ಬೆಂಕಿ ಇಕ್ಕುಸ್ತೀನಿ ನೋಡ್ತಿರು!"

"ಇಕ್ಸಿ ಬುದ್ಧಿ. ನೆಂದೈತೆ. ಹತ್ಕೊಂಡ್ರೆ ಕಾಸ್ಕೊಂತೀವಿ."

"ಎಳ್ದು ಹಾಕ್ರೋ ಇವುಳ್ನ!"

ಯಾರೂ ಅಲುಗಲಿಲ್ಲ. ಬೋರಮ್ಮ ತಿರುಗಿ ನೋಡಿದಳು. ಅವಳ ದನಿ ಏರಲಿಲ್ಲ.

"ಕಂಬ್ಳಿಗೆ ಮೈಲ್ಗೆ ಇಲ್ಲ ಅಂದ್ರಿ. ಅದ ಹೊದ್ಕೊಂಡೇ ಬಂದಿವ್ನಿ. ಸಾಲ್ದು ಅಂದ್ರೆ ಬನ್ನಿ, ಎಳೀರಿ. ರಟ್ಟೆ ಹಿಡ್ದು ಎಳೀರಿ. ನಾನೇನೂ ಗಟ್ಟಿ ಇಲ್ಲ, ರಾತ್ರಿ ಇಂದ ಉಂಡಿಲ್ಲ. ಒಬ್ರು ಸಾಕು. ಬನ್ನಿ ಬುದ್ಧಿ. ಬಾರಣ್ಣ ಈರಣ್ಣ. ಹಿಡ್ಕೊ, ಇದೇ ಕೈ."

ಒಡೆದ ಬೆರಳುಗಳ ಕೈಯನ್ನು ಚಾಚಿದಳು. ಈರಣ್ಣ ನೆಲ ನೋಡಿದ. ಕರಿಬಸವಯ್ಯನವರು ಒಂದು ಹೆಜ್ಜೆ ಮುಂದಿಟ್ಟರು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಕೈಯಲ್ಲಿ ಮುಚ್ಚಿಕೊಂಡು ಅದೇ ಹೆಜ್ಜೆಯನ್ನು ಹಿಂದಕ್ಕೆ ತೆಗೆದರು.

"ಯಾರ್ ಮುಟ್ತೀರಿ?" ಗೋಡೆಗೆ ಒರಗಿದ್ದ ಗಿರಿಜಾಂಬಿಕಾ ಮೆಲ್ಲಗೆ ಕೇಳಿದರು. ಗಂಡನ ಕಡೆಗಲ್ಲ, ಬೆಂಕಿಯ ಕಡೆ ನೋಡುತ್ತ ಕೇಳಿದರು. "ಹೇಳಿ. ನೀವ್ ಮುಟ್ತೀರಾ?"

ಹಾಲು ಉಕ್ಕಿ ಒಲೆಗೆ ಸುರಿಯಿತು. ಇಳಿಸಲು ಯಾರೂ ಮುಂದೆ ಬರಲಿಲ್ಲ. ಆ ಪಾತ್ರೆ ಇನ್ನು ಆ ಮನೆಯದಲ್ಲ. ಪಾಯಸವೂ ಅಲ್ಲ. ಸೀದ ಹಾಲಿನ ಜೊತೆ ಬಳ್ಳಿಕಾಯಿಯ ಗಂಧ ಮನೆಯ ತುಂಬ, ಕಂಬಳಿಯ ತುಂಬ, ಕೂಸಿನ ಮೈತುಂಬ ಹಬ್ಬಿತು. ಹೊರಗೆ ಕಾರಿನ ಹಾರನ್ ಕೇಳಿಸಿತು. ಕರಿಬಸವಯ್ಯನವರು ಬೀದಿಬಾಗಿಲ ಕಡೆ ತಿರುಗಿದರು, ಒಲೆಯ ಕಡೆ ತಿರುಗಿದರು. ಆಮೇಲೆ ಪಡಸಾಲೆಯ ತನಕ ಹೋಗಿ ಚೆಲ್ಲಿದ ಕಾಯಿಗಳ ನಡುವೆ ನಿಂತುಬಿಟ್ಟರು. ಹಾರನ್ ಮತ್ತೆ ಕೇಳಿಸಿತು.

"ಚಿಕ್ಕಗೌರೀ," ಎಂದು ಬೋರಮ್ಮ ಕೊಟ್ಟಿಗೆಯ ಕಡೆಗೆ ತೆರೆದ ಹಿತ್ತಿಲ ಬಾಗಿಲಿನತ್ತ ಕೂಗಿದಳು. "ಬಾ ಮಗಳೆ ಒಳೀಕೆ. ಬೆಂಕಿ ಐತೆ."

ಚಿಕ್ಕಗೌರಮ್ಮ ಹಿತ್ತಿಲ ಹೊಸಿಲಲ್ಲಿ ಕಾಣಿಸಿಕೊಂಡಳು. ಚೌಕಟ್ಟು ಹಿಡಿದು ನಿಂತಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ದಾಟಿ ಬಂದು ಅವ್ವನ ಪಕ್ಕ ಕೂತು ಕಂಬಳಿಯೊಳಗೆ ತೂರಿಕೊಂಡಳು. ಅವಳ ಹಲ್ಲು ಕಟಕಟ ಬಡಿಯುವುದು ಬಾಗಿಲಲ್ಲಿ ನಿಂತವರಿಗೆಲ್ಲ ಕೇಳಿಸುತ್ತಿತ್ತು.

ಬೋರಮ್ಮ ಕೂಸಿನ ಅಂಗಾಲನ್ನು ತಿಮ್ಮಕ್ಕನ ಹಾಗೆ ಕೆನ್ನೆಗೆ ಒತ್ತಿಕೊಂಡಳು. ಕಣ್ಣು ಮುಚ್ಚಿದಳು. ಅಂಗಾಲು ಇನ್ನೂ ಏನೂ ಹೇಳಲಿಲ್ಲ.

ಒಲೆಯ ಮಗ್ಗುಲಲ್ಲಿ ಒಣಗಿದ ತೆಂಗಿನ ಚಿಪ್ಪುಗಳ ರಾಶಿ ಇತ್ತು. ಅವಳು ಕೈ ಚಾಚಿ ಒಂದನ್ನು ತೆಗೆದು ಬೆಂಕಿಗಿಟ್ಟಳು. ಆ ಒಲೆಗೆ ಆ ಕೈ ಸೌದೆ ಒಡ್ಡಿದ್ದು ಅದೇ ಮೊದಲು. ಚಿಪ್ಪು ಚಟಪಟ ಎಂದು ಹತ್ತಿಕೊಂಡಿತು.

ಮತ್ತೆ ಅಂಗಾಲನ್ನು ಕೆನ್ನೆಗಿಟ್ಟುಕೊಂಡಳು. ಕಾದಳು.

ಆಮೇಲೆ ಇನ್ನೊಂದು ಚಿಪ್ಪು ಒಡ್ಡಿದಳು.